ಮೀನಿಗೆ ಎರಡಡಿ ಜಾಸ್ತಿ

ಇಂಪನಾ: ಎಂಟಡಿ! ಜಟ್ಟೆಪ್ಪನವ್ರೆ, ನಾನು ಹೇಳಿದ್ದು ಆರಡಿ. ಡ್ರಾಯಿಂಗ್‌ನಲ್ಲಿ ಕೆಂಪು ಪೆನ್ನಲ್ಲಿ ಬರ್ದಿದ್ದೀನಿ, ಆರಡಿ ಅಂತ!

ಜಟ್ಟೆಪ್ಪ: ನೋಡೀನ್ರಿ ಮೇಡಂ. ನೋಡೇ ಎರಡಡಿ ಜಾಸ್ತಿ ಕೊಟ್ಟೀನಿ.

ಇಂಪನಾ: ಯಾಕೆ?

ಜಟ್ಟೆಪ್ಪ: ಇರ್ಲಿ ಅಂತ್ರಿ.

ಪುಣೆ ಪಕ್ಕದ ಭೋಸರಿಯ ಕಾರ್ಖಾನೆಗಳ ನಡುವೆ ಜಟ್ಟೆಪ್ಪನ ವೆಲ್ಡಿಂಗ್ ಶೆಡ್ಡು ಮೂವತ್ತು ವರ್ಷ ನಿಂತಿರುವುದೇ ಈ ‘ಇರ್ಲಿ ಅಂತ’ದ ಮೇಲೆ. ಮೂರು ಸರಳಿನ ಕಿಟಕಿ ಕೇಳಿದವರಿಗೆ ನಾಲ್ಕು ಸರಳು ಹಾಕುತ್ತಾನೆ. ಎರಡು ಚಿಲಕದ ಗೇಟಿಗೆ ಮೂರು ಚಿಲಕ ಕೂರಿಸುತ್ತಾನೆ. ಯಾದಗಿರಿ ಕಡೆಯಿಂದ ಬಂದ ಮನುಷ್ಯ, ಕೈ ದೊಡ್ಡದು. ಇಷ್ಟು ವರ್ಷದಲ್ಲಿ ಜಾಸ್ತಿ ಆಯಿತು ಎಂದು ಜಗಳಕ್ಕೆ ಬಂದವರು ಒಬ್ಬರೂ ಇರಲಿಲ್ಲ. ಮೊದಲ ಸಲ ಬಂದವಳು ಈ ಇಂಪನಾ. ಮಂಡ್ಯದ ಹುಡುಗಿ, ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನಿನ ವಿಜ್ಞಾನಿ. ಪುಣೆಯಲ್ಲಿ ಸಮುದ್ರವೇ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ದಿನಕ್ಕೆ ಮೂರು ಸಲವಾದರೂ ಬರುತ್ತದೆ.

ಇಬ್ಬರ ನಡುವೆ ನೆಲದ ಮೇಲೆ ಜಗಳದ ವಸ್ತು ಮಲಗಿತ್ತು. ಉದ್ದನೆಯ ಕಬ್ಬಿಣದ ಪೈಪು, ಎರಡೂ ತುದಿಗೆ ನೀರಿನಡಿಯ ನೆಲದ ಮೇಲೆ ಜಾರಿಕೊಂಡು ಹೋಗುವ ಎರಡು ಪಾದ. ಈ ಚೌಕಟ್ಟಿಗೆ ಬಲೆ ಕಟ್ಟಿ ಹಡಗಿನ ಹಿಂದೆ ಎಳೆಯಬೇಕು; ಪೈಪು ಎಷ್ಟು ಉದ್ದವೋ ಬಲೆಯ ಬಾಯಿ ಅಷ್ಟು ಅಗಲ.

ಜಟ್ಟೆಪ್ಪ: ಬಾಯಿ ದೊಡ್ಡದಾದ್ರ ಮೀನು ಜಾಸ್ತಿ ಬರ್ತಾವ. ನಿಮಗ ಛಲೋನ ಆಯ್ತಲ್ರಿ.

ಇಂಪನಾ: ನನಗೆ ಜಾಸ್ತಿ ಮೀನು ಬೇಡ!

ಜಟ್ಟೆಪ್ಪ: ಮತ್ತ ಬಲಿ ಯಾಕ ಎಳೀತೀರಿ?

ಇಂಪನಾ: ಎಷ್ಟಿವೆ ಅಂತ ನೋಡೋಕೆ. ಕೊಂಕಣದಲ್ಲಿ ಹೊಳೆ ಸಮುದ್ರಕ್ಕೆ ಸೇರೋ ಖಾಡಿ ಇದ್ಯಲ್ಲ, ಮಳೆಗಾಲ ಮುಗಿದ ಮೇಲೆ ಅಲ್ಲಿಗೆ ಮರಿಮೀನು ಬರುತ್ವೆ. ಇಷ್ಟಿಷ್ಟೇ, ಕಿರುಬೆರಳಷ್ಟು. ಅವನ್ನ ಹಿಡೀತೀವಿ, ಎಣಿಸ್ತೀವಿ, ಉದ್ದ ಅಳೀತೀವಿ.

ಜಟ್ಟೆಪ್ಪ: ಆಮ್ಯಾಲ?

ಇಂಪನಾ: ವಾಪಸ್ ನೀರಿಗೆ ಬಿಡ್ತೀವಿ.

ಜಟ್ಟೆಪ್ಪ ತಲೆಯ ಟೋಪಿ ತೆಗೆದು, ತಲೆ ಕೆರೆದು, ಮತ್ತೆ ಹಾಕಿಕೊಂಡ.

ಜಟ್ಟೆಪ್ಪ: ಹಡಗಿನಾಗ ಹೋಗಿ ಹಿಡೀತೀರಿ. ಎಣಿಸ್ತೀರಿ. ಬಿಟ್ಟು ಬರ್ತೀರಿ.

ಇಂಪನಾ: ಹೌದು.

ಜಟ್ಟೆಪ್ಪ: ಸಾರಿಗೂ ಇಲ್ಲ?

ಇಂಪನಾ: ಸಾರಿಗೂ ಇಲ್ಲ. ಖಾಡಿ ಅಂದ್ರೆ ಮೀನಿನ ಅಂಗನವಾಡಿ ಇದ್ದ ಹಾಗೆ. ಮರಿಗಳು ಅಲ್ಲೇ ದೊಡ್ಡವಾಗಿ ಆಮೇಲೆ ಸಮುದ್ರಕ್ಕೆ ಹೋಗೋದು.

ಜಟ್ಟೆಪ್ಪ: ಅಂಗನವಾಡಿಗೆ ಬಲಿ ಬೀಸ್ತೀರೇನ್ರಿ! ನಾನು ಲಿಂಗಾ ಕಟ್ಟಿದವ ಮೇಡಂ. ದೊಡ್ಡ ಮೀನಿಗಂತ ಮಾಡಿಕೊಟ್ಟೆ, ಕೂಸುಗಳಿಗೆ ಅಂತ ಗೊತ್ತಿರಲಿಲ್ಲ.

ಇಂಪನಾ: ಅಯ್ಯೋ, ಹಾಜರಿ ತಗೊಳ್ಳೋದು ಅಂದ್ಕೊಳ್ಳಿ. ಹಾಜರಿ ತಗೊಂಡ್ರೆ ಪಾಪ ಬರುತ್ತಾ?

ಜಟ್ಟೆಪ್ಪ: ಹಾಜರಿ ಅಂದ್ರ ನಡೀತದ. ಆದ್ರ ಎರಡಡಿ ಜಾಸ್ತಿ ಇದ್ರ ಎಲ್ಲಾರ ಹಾಜರಿನೂ ಬರ್ತದಲ್ರಿ?

ಹೊರಗೆ ಟೆಂಪೋದ ಹಾರ್ನು ಕೂಗಿತು. ಚಾಲಕ ಸುಖೇಶ್ ತಲೆ ಹೊರಹಾಕಿ, ಘಾಟಿನಲ್ಲಿ ಟ್ರಾಫಿಕ್ ಸಿಕ್ಕಿದರೆ ತನ್ನನ್ನು ಕೇಳಬೇಡಿ ಎಂದು ಮರಾಠಿಯಲ್ಲಿ ಗೊಣಗಿದ.

ಇಂಪನಾ (ಸ್ವಲ್ಪ ತಡೆಯಲು ಹೇಳುತ್ತ ಹೊರಗೆ ಕೂಗಿ): ಥಾಂಬಾ ದಾದಾ, ಪಾಚ್ ಮಿನಿಟ್! (ಒಳಗೆ ತಿರುಗಿ) ಕೇಳಿ ಜಟ್ಟೆಪ್ಪನವ್ರೆ. ಹಡಗು ನಮಗೆ ಸಿಕ್ಕಿರೋದು ನಾಳೆ ಒಂದೇ ದಿನ. ಬೆಳಿಗ್ಗೆ ಹತ್ತಕ್ಕೆ ಸಮುದ್ರದ ಭರತ ಏರುತ್ತೆ, ಅಷ್ಟರಲ್ಲಿ ಬಲೆ ನೀರಲ್ಲಿರ್ಬೇಕು. ನಾಡಿದ್ದು ಆ ಹಡಗು ಬೇರೆಯವ್ರ ಪಾಲು. ಎರಡು ವರ್ಷ ಎಣಿಸಿದ್ದೀನಿ, ಇದು ಮೂರನೇದು. ಈ ಸಲ ತಪ್ಪಿದ್ರೆ ಮರಿಗಳು ಕಡಿಮೆ ಆಗ್ತಿವೆಯೋ ಇಲ್ವೋ ಅಂತ ಹೇಳೋಕೇ ಆಗಲ್ಲ. ಮೂರು ವರ್ಷದ ಜೀವ ತೇದಿದ್ದು ನೀರಲ್ಲಿ ಹೋಮ.

ಜಟ್ಟೆಪ್ಪ: ಅದಕ್ಕ ಒಯ್ರಲ್ಲ, ತಯಾರ್ ಅದ!

ಇಂಪನಾ: ಇದನ್ನ ಒಯ್ದ್ರೆ ಅದಕ್ಕಿಂತ ಮೋಸ! ಎರಡು ವರ್ಷ ಚಿಕ್ಕ ಬಾಯಲ್ಲಿ ಹಿಡಿದೆ. ಈ ಸಲ ದೊಡ್ಡ ಬಾಯಲ್ಲಿ ಹಿಡಿದ್ರೆ ಮೀನು ಜಾಸ್ತಿ ಬರುತ್ತೆ. ಎಲ್ರೂ ಏನಂತಾರೆ? ಆಹಾ, ಖಾಡೀಲಿ ಮೀನು ಹೆಚ್ಚಾಗಿದೆ ಅಂತಾರೆ. ಹೆಚ್ಚಾಗಿದ್ದು ಮೀನಲ್ಲ, ನಿಮ್ಮ ಪೈಪು!

ಜಟ್ಟೆಪ್ಪನ ಮುಖ ಸಪ್ಪಗಾಯಿತು. ಅವನಿಗೆ ನಿಜಕ್ಕೂ ನೋವಾಗಿತ್ತು.

ಜಟ್ಟೆಪ್ಪ: ಮೂವತ್ತು ವರ್ಷದಾಗ ನನ್ನ ಮಾಲು ಯಾರೂ ಹೊಳ್ಳಿ ಕಳಿಸಿಲ್ರಿ. ಜಾಸ್ತಿ ಕೊಟ್ಟದ್ದಕ್ಕ ಬೈಸಿಕೊಂಡವ ಈ ಭೋಸರಿಯಾಗ ನಾನೊಬ್ಬನ.

ಆಗಲೇ ಬುತ್ತಿ ಹಿಡಿದುಕೊಂಡು ಶರಣಮ್ಮ ಬಂದಳು. ಗಂಡನ ಊಟ ತರುವುದು ನೆಪ, ಶೆಡ್ಡಿನಲ್ಲಿ ಏನು ಜಗಳ ನಡೆದಿದೆ ಎಂದು ನೋಡುವುದು ನಿತ್ಯದ ಕೆಲಸ.

ಶರಣಮ್ಮ: ಹೊರಗ ರಸ್ತಾದ ತನ ಕೇಳಾಕತ್ತದ. ಏನಾತ್ರಿ?

ಜಟ್ಟೆಪ್ಪ: ಮೇಡಂಗ ಜಾಸ್ತಿ ಬ್ಯಾಡಂತ.

ಶರಣಮ್ಮ: ಅದ್ಯಾಕವ್ವಾ? ಬೆಳಿಯೂದು, ಹೆಚ್ಚಾಗೂದು ಯಾವಾಗೂ ಛಲೋನ. ತಗೋ, ಮೊದಲು ಈ ಅಂಟಿನುಂಡಿ ತಿನ್ನು. ನಮ್ಮ ಮೊಮ್ಮಗಳು ನೀಲಿಮಾಗ ಇದ ತಿನ್ನಿಸಿ ತಿನ್ನಿಸಿ ಒಂದು ವರ್ಷದಾಗ ಐದು ಬೆರಳು ಎತ್ತರ ಮಾಡೀನಿ, ಐದು!

ಇಂಪನಾ (ಉಂಡೆ ಕೈಯಲ್ಲಿ ಹಿಡಿದು, ಗಡಿಯಾರ ನೋಡುತ್ತ): ಒಳ್ಳೇದಮ್ಮ.

ಶರಣಮ್ಮ: ಹೋದ ವರ್ಷ ಬರೇ ಮೂರು ಬೆರಳು ಬೆಳದಿದ್ಲು. ಈ ವರ್ಷ ಐದು. ಓಣಿ ತುಂಬ ಹೇಳಿ ಬಂದೀನಿ. ಈಗ ಎಲ್ಲಾ ಹೆಣ್ಮಕ್ಕಳು ನನ್ನ ಕಡೆ ಬಂದು ಉಂಡಿ ಕಟ್ಟೂದು ಕಲ್ಯಾಕತ್ಯಾರ.

ಇಂಪನಾ ಉಂಡೆ ಬಾಯಿಗೆ ಒಯ್ಯುವವಳು ಅರ್ಧಕ್ಕೇ ನಿಂತಳು. ಅಳತೆ ಎಂದರೆ ಅವಳ ಕಿವಿ ನಿಮಿರುತ್ತದೆ, ಅದು ಅವಳ ರೋಗ.

ಇಂಪನಾ: ಎಲ್ಲಿ ಅಳೆದ್ರಿ?

ಶರಣಮ್ಮ: ಬಾಗಿಲ ಚೌಕಟ್ಟಿಗೆ. ಪ್ರತಿ ಯುಗಾದಿಗೂ ನಿಂದ್ರಿಸಿ ಪೆನ್ಸಿಲ್‌ಲೆ ಗೀಟು ಹಾಕ್ತೀವಿ.

ಇಂಪನಾ: ಅದೇ ಬಾಗಿಲು?

ಶರಣಮ್ಮ: ಅದ ಬಾಗಿಲ.

ಇಂಪನಾ: ಚಪ್ಪಲಿ ಹಾಕಿದ್ಲಾ?

ಶರಣಮ್ಮ: ದೇವರ ಮನಿ ಬಾಗಿಲವ್ವಾ, ಚಪ್ಪಲಿ ಹಾಕ್ತಾಳೇನು? ಬರಿಗಾಲು. ಹೊಸಾ ಫರ್ಶಿ ಮ್ಯಾಲೆ ಬರಿಗಾಲಲ್ಲೇ ನಿಂತಿದ್ಲು.

ಇಂಪನಾ: ಹೊಸ ಫರ್ಶಿ? ನೆಲದ ಕಲ್ಲು ಹೊಸದಾ?

ಶರಣಮ್ಮ: ಶಿವರಾತ್ರಿಗೆ ಹಾಕಿಸಿದ್ವಿ. ಹಳೇದು ಒಡದ್ರ ಧೂಳು ಭಾಳ ಅಂತ ಅದರ ಮ್ಯಾಲೇ ಕೂಡ್ರಿಸ್ಯಾರ.

ಇಂಪನಾ: ಎಷ್ಟು ದಪ್ಪ ಆಯ್ತು?

ಶರಣಮ್ಮ: ಸಿಮೆಂಟು, ಫರ್ಶಿ ಎಲ್ಲಾ ಸೇರಿ… ಎರಡು ಬೆರಳು.

ಶರಣಮ್ಮ ತನ್ನ ಐದು ಬೆರಳನ್ನು ನೋಡಿಕೊಂಡಳು. ಎರಡನ್ನು ಮಡಚಿದಳು. ಮೂರು ಉಳಿದವು.

ಜಟ್ಟೆಪ್ಪ: ನಾ ಹೇಳಿದ್ದಿಲ್ಲ! ಹೋದ ವರ್ಷದ ಯುನಿಫಾರ್ಮು ಈ ವರ್ಷನೂ ಸಮಾ ಬರಾಕತ್ತದ, ಐದು ಬೆರಳು ಹೆಂಗ ಬೆಳದಾಳ ಅಂತ ಕೇಳಿದ್ದಿಲ್ಲ! ಬೆಳದದ್ದು ಪೋರಿ ಅಲ್ಲ, ಫರ್ಶಿ!

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ವೆಲ್ಡಿಂಗ್ ಕನ್ನಡಕ ಮೂಗಿನಿಂದ ಜಾರಿತು. ನಗುತ್ತ ನಗುತ್ತ ಅವನ ಕಣ್ಣು ನೆಲದ ಮೇಲಿದ್ದ ಎಂಟಡಿ ಪೈಪಿನ ಮೇಲೆ ಬಿತ್ತು. ನಗು ಅಲ್ಲೇ ನಿಂತಿತು.

ಜಟ್ಟೆಪ್ಪ: ಮೇಡಂ.

ಇಂಪನಾ: ಹೇಳಿ.

ಜಟ್ಟೆಪ್ಪ: ಇದು… ಈ ಎರಡಡಿ… ಫರ್ಶಿ ಏನ್ರಿ?

ಇಂಪನಾ: ಫರ್ಶಿನೇ ಜಟ್ಟೆಪ್ಪನವ್ರೆ!

ಜಟ್ಟೆಪ್ಪ: ಇದನ್ನ ಮೊದಲ ಹೇಳಬಾರದೇನ್ರಿ? ಅಂಗನವಾಡಿ, ಭರತ ಅಂತ ಏನೇನೋ ಹೇಳಿ ಹೊತ್ತು ಕಳದ್ರಿ! ಸರೀರಿ ಅತ್ಲಾಗ, ಅರ್ಧ ತಾಸಿನಾಗ ಕೊಡ್ತೀನಿ.

ಕಟರ್ ಕೈಗೆ ಬಂತು, ಸ್ವಿಚ್ಚು ಬಿತ್ತು. ಇಂಪನಾಳಿಗೆ ಸಮಾಧಾನದಲ್ಲಿ ಉಂಡೆ ಇಡೀ ಬಾಯಿಗೆ ಹೋಯಿತು. ಆದರೆ ಕಟರ್ ಪೈಪಿನ ಹತ್ತಿರ ಹೋಗಿ ಮತ್ತೆ ದೂರ ಸರಿಯಿತು.

ಜಟ್ಟೆಪ್ಪ: ಎಷ್ಟಕ್ಕ ಕಡೀಲ್ರಿ?

ಇಂಪನಾ (ಬಾಯಿ ತುಂಬ ಉಂಡೆ): ಆರಡಿ! ಡ್ರಾಯಿಂಗ್ ಇದ್ಯಲ್ಲ!

ಜಟ್ಟೆಪ್ಪ: ಡ್ರಾಯಿಂಗ್ ಪ್ರಕಾರನೋ, ಹೋದ ವರ್ಷದ ಪ್ರಕಾರನೋ?

ಇಂಪನಾ: ಎರಡೂ ಒಂದೇ.

ಜಟ್ಟೆಪ್ಪ: ಒಂದ ಅಲ್ರಿ.

ಅವನು ಕಟರ್ ಕೆಳಗಿಟ್ಟ. ಮೂಲೆಯಲ್ಲಿ ಉಪ್ಪುನೀರಿಗೆ ತುಕ್ಕು ಹಿಡಿದ, ಎರಡು ವರ್ಷ ಬಲೆ ಕಟ್ಟಿ ಎಳೆದ ಹಳೆಯ ಚೌಕಟ್ಟು ಒರಗಿಕೊಂಡಿತ್ತು. ಹೋದ ವರ್ಷ ಬಂಡೆಗೆ ಬಡಿದು ಒಂದು ಪಾದ ಮುರಿದುಕೊಂಡದ್ದು, ಮಾದರಿಗೆಂದು ಇಂಪನಾ ಬಿಟ್ಟುಹೋಗಿದ್ದಳು. ಜಟ್ಟೆಪ್ಪ ಟೇಪಿನ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದ.

ಜಟ್ಟೆಪ್ಪ: ನೀವ ಓದ್ರಿ.

ಇಂಪನಾ: ಐದು… ಐದೂವರೆ.

ಇನ್ನೊಮ್ಮೆ ಓದಿದಳು. ಆಗಲೂ ಐದೂವರೆಯೇ.

ಇಂಪನಾ: ನಿಮಗೆ ಇದು ಗೊತ್ತಿತ್ತಾ?

ಜಟ್ಟೆಪ್ಪ: ತಂದ ದಿನಾನೇ ಅಳದೀನ್ರಿ.

ಇಂಪನಾ: ಮತ್ತೆ ಹೇಳ್ಲಿಲ್ಲ ಯಾಕೆ!

ಜಟ್ಟೆಪ್ಪ: ಹೆಂಗ ಹೇಳ್ಲಿ? ಅದನ್ನ ಮಾಡಿದವ ಯಾರೋ ನನ್ನಂಗ ಒಬ್ಬ ಕಾರೀಗರ. ಅರ್ಧ ಅಡಿ ಪೈಪು ನುಂಗ್ಯಾನ. ಒಬ್ಬ ಕಾರೀಗರ ಇನ್ನೊಬ್ಬನ ಹೊಟ್ಟಿ ಮ್ಯಾಲೆ ಕಾಲಿಡೂದು ನಮ್ಮಲ್ಲಿ ಇಲ್ರಿ. ಪಾಪ, ಹೆಣ್ಮಗಳಿಗೆ ಮೋಸ ಆಗ್ಯದ, ನಾನರ ತುಂಬಿ ಕೊಡೂಣ ಅಂತ…

ಇಂಪನಾ: ಎರಡಡಿ ಜಾಸ್ತಿ ಕೊಟ್ರಿ.

ಜಟ್ಟೆಪ್ಪ: ಇರ್ಲಿ ಅಂತ್ರಿ.

ಇಂಪನಾ ಅಲ್ಲೇ ಇದ್ದ ಖಾಲಿ ಡಬ್ಬದ ಮೇಲೆ ಕುಳಿತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಇಷ್ಟು ಹೊತ್ತು ಆರಡಿ, ಆರಡಿ ಎಂದು ಜೀವ ತಿಂದಿದ್ದಳು. ಆ ಮಾತಿಗೆ ಸರಿಯಾಗಿ ಮಾಡಿದ್ದರೂ ಮೂರನೇ ವರ್ಷದ ಲೆಕ್ಕ ಹಾಳಾಗುತ್ತಿತ್ತು, ಮತ್ತು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫೋನು ತೆಗೆದು ತನ್ನ ಮೇಲಧಿಕಾರಿ ಕೇದಾರ ಸರ್‌ಗೆ ಹಚ್ಚಿದಳು.

ಇಂಪನಾ: ಸರ್, ಚೌಕಟ್ಟು ಐದೂವರೆ ಅಡಿಗೆ ಮಾಡಿಸ್ತಿದ್ದೀನಿ… ಇಲ್ಲ ಸರ್, ಡ್ರಾಯಿಂಗ್ ನೋಡಿದ್ದೀನಿ… ಎರಡು ವರ್ಷದಿಂದ ಬಲೆ ಯಾಕೆ ಸಡಿಲ ಬರ್ತಿತ್ತು ಗೊತ್ತಾ? ನಾವು ಬಲೆ ಹೊಲಿದವ್ರನ್ನ ಬೈತಿದ್ವಲ್ಲ, ಅವ್ರ ತಪ್ಪಲ್ಲ… ಹಳೇದು ಅರ್ಧ ಅಡಿ ಕಮ್ಮಿ ಇದೆ ಸರ್… ಯಾರು ಅಳೆದಿದ್ದು ಅಂದ್ರೆ? (ಜಟ್ಟೆಪ್ಪನ ಕಡೆ ನೋಡಿ) ಇಲ್ಲೊಬ್ರು ನಮಗಿಂತ ದೊಡ್ಡ ವಿಜ್ಞಾನಿ ಇದ್ದಾರೆ ಸರ್.

ಜಟ್ಟೆಪ್ಪ ಕನ್ನಡಕ ಏರಿಸಿಕೊಂಡ. ಏರಿಸಿಕೊಂಡದ್ದು ಕಿಡಿಗೆ ಹೆದರಿಯೋ, ಕಣ್ಣು ಮರೆಸಲೋ ಯಾರು ಕಂಡರು. ಅರ್ಧ ತಾಸು ಕಿಡಿ ಹಾರಿತು. ಎರಡೂವರೆ ಅಡಿ ಪೈಪು ಠಣ್ ಎಂದು ಕೆಳಗೆ ಬಿತ್ತು, ಪಾದ ಹೊಸ ಜಾಗದಲ್ಲಿ ಕೂತಿತು. ಹಳೆಯದರ ಪಕ್ಕದಲ್ಲಿಟ್ಟು ಮೂರು ಸಲ ಅಳೆದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಜಟ್ಟೆಪ್ಪ: ಮೇಡಂ, ಜೀವನದಾಗ ಮೊದಲ ಸಲ ಬರೋಬ್ಬರಿ ಅಷ್ಟ ಕೊಟ್ಟೀನಿ. ಕೈಯಾಗ ಒಂಥರಾ ಆಗಾಕತ್ತದ.

ಇಂಪನಾ: ಇರ್ಲಿ ಬಿಡಿ!

ಸುಖೇಶ್ ಕಡೆಯ ಹಾರ್ನು ಹೊಡೆದ. ಚೌಕಟ್ಟು ಟೆಂಪೋ ಏರಿತು. ಇಂಪನಾ ಜಟ್ಟೆಪ್ಪನಿಗೆ ಕೈ ಮುಗಿದು, ಶರಣಮ್ಮನ ಕೈ ಹಿಡಿದುಕೊಂಡಳು. ಇಷ್ಟು ಹೊತ್ತೂ ಶರಣಮ್ಮ ಮಡಚಿದ ಎರಡು ಬೆರಳನ್ನು ಮಡಚಿಕೊಂಡೇ ಕುಳಿತಿದ್ದಳು.

ಇಂಪನಾ: ಬೇಜಾರು ಮಾಡ್ಕೋಬೇಡಿ ಅಮ್ಮ. ಮೂರು ಬೆರಳು ಅಂದ್ರೆ ಸರಿಯಾದ ಬೆಳವಣಿಗೆನೇ. ಉಂಡೆ ಮಾತ್ರ ತುಂಬಾ ಚೆನ್ನಾಗಿತ್ತು.

ಶರಣಮ್ಮ: ನಮ್ಮ ಓಣ್ಯಾಗ ಹೇಳಬ್ಯಾಡವ್ವಾ.

ಇಂಪನಾ: ಇಲ್ಲಮ್ಮ, ಹೇಳಲ್ಲ.

ಟೆಂಪೋ ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಜಟ್ಟೆಪ್ಪ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಹೆಂಡತಿಯ ಕಡೆ ನೋಡಿದ.

ಜಟ್ಟೆಪ್ಪ: ಏನು ವಿಚಾರ ಮಾಡಾಕತ್ತಿ?

ಶರಣಮ್ಮ: ಬರೂ ಯುಗಾದಿಗೂ ಓಣಿ ಹೆಣ್ಮಕ್ಕಳೆಲ್ಲಾ ಅಳತಿ ನೋಡಾಕ ಬರ್ತಾರ. ಅವರ ಮುಂದ ಮೂರ ಬೆರಳು ಬಂದ್ರ ನಾ ಮಾರಿ ಎಲ್ಲಿ ಇಟ್ಕೊಳ್ಳಲಿ?

ಜಟ್ಟೆಪ್ಪ: ಮತ್ತೇನು ಮಾಡೂಣಂತಿ?

ಶರಣಮ್ಮ: ಇನ್ನೊಂದು ಫರ್ಶಿ ಹಾಕಸ್ರಿ. ಇರ್ಲಿ.