ಕಂಪ್ಯೂಟರಿಗೆ ಬಹುವಚನ ಕಲಿಸಿದ ನಮ್ಮ ಮಾವ

ಕಂಪ್ಯೂಟರಿಗೆ ಮರ್ಯಾದೆ ಕಲಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ರಾಣೆಬೆನ್ನೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಅಂಗಡಿ ಅವರದು.

ಎಲ್ಲ ಶುರುವಾದದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳ ಲಗ್ನದಿಂದ. ಪತ್ರಿಕೆ ಅರ್ಧ ಆಗಿತ್ತು. ಅಷ್ಟರಲ್ಲಿ, ಮಾವ ವರ್ಷದ ಬಾಡಿಗೆ ಕಟ್ಟಿ ಬಳಸುತ್ತಿದ್ದ ಸಾಫ್ಟ್‌ವೇರಿನ ಅವಧಿ ಮುಗಿದು ಅದು ಕಡತ ತೆರೆಯಲು ಒಪ್ಪಲಿಲ್ಲ. ಹಾವೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನಗೆ ಫೋನ್ ಬಂತು. "ನಾ ಬರದ ಅಕ್ಷರಾನ ನನಗ ತೋರಸೂದಿಲ್ಲ ಅಂತೈತಲ್ಲೋ ತಮ್ಮಾ."

ಮರುದಿನವೇ ಬಸ್ ಹತ್ತಿ ಹೋಗಿ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಹಾಕಿಕೊಟ್ಟೆ. ಪುಕ್ಕಟೆ ಎಂದಾಗ ನನ್ನನ್ನು ಸಂಶಯದಿಂದ ನೋಡಿದರು. ಅದರ ಒಳಗಿನ ಶಬ್ದಗಳನ್ನೂ ಯಾರು ಬೇಕಾದರೂ ತಿದ್ದಬಹುದು ಎಂದು ಬಾಯಿತಪ್ಪಿ ಹೇಳಿದೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು!

ಹಳೆಯ ಕಡತವನ್ನು ಹೊಸದರಲ್ಲಿ ತೆರೆದರೆ ವಧುವಿನ ಹೆಸರಿನ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ಮಾವ ಇಡೀ ಪತ್ರಿಕೆಯನ್ನು, ನೆಂಟರಿಷ್ಟರ ಹೆಸರುಗಳ ಸಮೇತ, ಮತ್ತೆ ಟೈಪ್ ಮಾಡಿ ಹೇಳಿದ ದಿನಕ್ಕೆ ಬ್ಯಾಡಗಿಗೆ ಮುಟ್ಟಿಸಿದರು.

ಆಮೇಲೆ ಅವರ ಕಣ್ಣು ಹೊಸ ತಂತ್ರಾಂಶದ ಕನ್ನಡ ಮೆನುವಿನ ಮೇಲೆ ಬಿತ್ತು. ಉಳಿಸು, ಅಳಿಸು, ಮುಚ್ಚು. ಮಾವನಿಗೆ ಮೈಯೆಲ್ಲ ಉರಿಯಿತು.

"ಮುಚ್ಚು ಅಂತೈತಿ ನೋಡು. ನಾ ಏನ್ ಅದರ ಮನಿ ಆಳೇನು?"

ಶಬ್ದಗಳ ಕಡತ ಎಲ್ಲಿದೆ ಎಂದು ತೋರಿಸಿದೆ. ನಾಲ್ಕು ತಿಂಗಳು ಕೂತು ಒಂದೊಂದೇ ಶಬ್ದ ಬದಲಿಸಿದರು. ದಿನಕ್ಕೆ ಮೂರು ಸಲ ನನಗೆ ಫೋನು. ಪಾಠದ ನಡುವೆ 'ಮುಚ್ಚರಿ' ಸರಿಯೋ 'ಮುಚ್ರಿ' ಸರಿಯೋ ಎಂದು ಕೇಳಿದರೆ ಯಾವ ಮೇಷ್ಟ್ರು ಏನು ಹೇಳಿಯಾನು? ಮಾಡಿದ್ದನ್ನು ರದ್ದುಮಾಡುವ ಗುಂಡಿ 'ಮೊದಲಿನಂಗ ಮಾಡ್ರಿ' ಆಯಿತು. 'ದೋಷ' ಎಂದು ಗದರುತ್ತಿದ್ದ ಪರದೆ 'ಏನೋ ತಪ್ಪಾಗೇತ್ರಿ, ಇನ್ನೊಮ್ಮೆ ನೋಡ್ರಿ' ಎನ್ನತೊಡಗಿತು. ಮಾವನ ಸ್ವಾಭಿಮಾನದ ಕಥೆಯನ್ನು ಹಾವೇರಿಯಲ್ಲೆಲ್ಲ ಹೇಳಿಕೊಂಡು ನಕ್ಕೆ.

ಹೋದ ವಾರ ಅಂಗಡಿಗೆ ಹೋದರೆ ಕಂಪ್ಯೂಟರಿನ ಮುಂದೆ ಅತ್ತೆ ಕೂತಿದ್ದರು. ಮೋಟೆಬೆನ್ನೂರಿನಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದವರು. ಅಂಗಡಿಯಲ್ಲಿ ಪತ್ರಿಕೆ ಮಡಚುವುದು ಬಿಟ್ಟು ಅವರು ಬೇರೆ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಈಗ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು.

ಮಾವ ನನ್ನನ್ನು ಅಂಗಡಿಯ ಮುಂದಿನ ಕಟ್ಟೆಗೆ ಕರೆದು ದನಿ ತಗ್ಗಿಸಿದರು. "ಹಿಂದ ಒಮ್ಮೆ ಆಕಿ ಕಂಪ್ಯೂಟರ್ ಮುಂದ ಕುಂತಿದ್ಳು. ಇಂಗ್ಲಿಷಿನ್ಯಾಗ ಏನೋ ಕೇಳ್ತು, ಆಕಿಗೆ ತಿಳೀಲಿಲ್ಲ, ಒತ್ತಿಬಿಟ್ಳು. ಪತ್ರಿಕಿ ಅಳಿಸಿ ಹೋತು. ನಾ ಗಿರಾಕಿ ಮುಂದನ ಬೈದೆ. ಅವತ್ತಿಂದ ಆಕಿ ಅದನ್ನ ಮುಟ್ಟಿರಲಿಲ್ಲ. ಅದಾದ್ರೂ ಆಕಿನ್ನ ಗದರಬಾರದಂತ ಮಾತು ತಿದ್ದಿದೆ."

ಅಷ್ಟರಲ್ಲಿ ಅತ್ತೆ ತಾವೇ ಅಚ್ಚು ತೆಗೆದ ಮೊದಲ ಲಗ್ನಪತ್ರಿಕೆ ಹಿಡಿದು ಬಂದು, ತಪ್ಪಿದ್ದರೆ ನೋಡಿ ಹೇಳಲು ಮಾವನಿಗೆ ಕೊಟ್ಟರು. ಮಾವ ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಲಗ್ನವಾದಾಗಿನಿಂದ ಅತ್ತೆಯನ್ನು ಏಕವಚನದಲ್ಲೇ ಕರೆದ ಮನುಷ್ಯ, ಹಾಳೆಯನ್ನು ಎರಡೂ ಕೈಯಿಂದ ತಿರುಗಿ ಕೊಡುತ್ತ ಮೆಲ್ಲಗೆ ಹೇಳಿದರು:

"ಒಂದೂ ತಪ್ಪಿಲ್ರಿ."