ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು

ರಿಟೈರ್ ಆದವನ ಕೈಗೆ ಸಲಿಕೆ ಕೊಟ್ಟು ನೋಡಿ, ಪ್ರಸಂಗಗಳು ತಾವಾಗಿಯೇ ಮನೆಗೆ ಬರುತ್ತವೆ. ನನ್ನ ಮಗಳು ಚಳಿಗಾಲದಲ್ಲಿ ಇಲ್ಲಿ ಅಮೆರಿಕದ ಅಡಿರಾಂಡ್ಯಾಕ್ ಬೆಟ್ಟಗಳಲ್ಲಿ, ಮೇಲಕ್ಕೆ ಹೊತ್ತೊಯ್ಯುವ ಲಿಫ್ಟೂ ಕಾವಲೂ ಇಲ್ಲದ ಕಡೆ ಸ್ಕೀ ಮಾಡುವವಳು. ಗುಂಡಿ ತೋಡಿ, ಹಿಮದ ಪದರಗಳನ್ನು ಪರೀಕ್ಷಿಸಿ, ಕುಸಿಯುವುದಿಲ್ಲ ಅನ್ನಿಸಿದರೆ ಮಾತ್ರ ಮುಂದೆ ಹೋಗುತ್ತಾರಂತೆ. ಕೇಳಿದ್ದೇ ತಡ, ನನ್ನನ್ನೂ ಕರೆದುಕೊಂಡು ಹೋಗು ಅಂದೆ.

"ಅಪ್ಪ, ಗೆಟ್ ಒನ್ ಪ್ರಿಡಿಕ್ಷನ್ ರೈಟ್. ದೆನ್ ಯೂ ಕ್ಯಾನ್ ಕಮ್" ಅಂದಳು. ಹಿಮ ಜಾರುತ್ತದೋ ಇಲ್ಲವೋ ಎಂದು ಒಂದೇ ಒಂದು ಸಲ ಸರಿಯಾಗಿ ಹೇಳಬೇಕಂತೆ.

೧. ಹಿತ್ತಿಲ ಗುಂಡಿ

ಐಸೆಲಿನ್ ಊರಿನ ನಮ್ಮ ಹಿತ್ತಿಲಲ್ಲಿ ಮೊಣಕಾಲುದ್ದ ಹಿಮ ಬಿತ್ತು. ಉದ್ದಕ್ಕೆ ಗುಂಡಿ ತೋಡಿ, ಹಿಮದ ಕಂಬ ಕಡಿದು ನಿಲ್ಲಿಸಿ, ಅದರ ತಲೆಯ ಮೇಲೆ ಸಲಿಕೆ ಇಟ್ಟು ತಟ್ಟಿದೆ: ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಕಂಬದ ಪದರ ಬೇಗ ಜಾರಿದಷ್ಟೂ ಅಪಾಯ ಹೆಚ್ಚು.

ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬಹಳ ಹೊತ್ತು ನೋಡಿ, ಯಾವ ಸಾಕುಪ್ರಾಣಿ ತೀರಿಕೊಂಡಿತು ಎಂದು ಮೆಲ್ಲಗೆ ಕೇಳಿದರು. ನಾವು ಏನನ್ನೂ ಸಾಕಿಲ್ಲ ಅಂದೆ. ಅಂದು ನನ್ನ ಹೆಂಡತಿ ಹೊರಗೆ ಕಾಣಿಸಿಕೊಳ್ಳುವ ತನಕ ಆ ಅಜ್ಜಿ ಕಿಟಕಿ ಬಿಟ್ಟು ಕದಲಲಿಲ್ಲ.

೨. ಭೂತಗನ್ನಡಿ

ತಳದ ಪದರ ಉದುರುದುರಾಗಿದ್ದರೆ ಮೇಲಿನದು ನಿಲ್ಲುವುದಿಲ್ಲ ಎನ್ನುತ್ತದೆ ನಾನು ತರಿಸಿಕೊಂಡ ಹಿಮಕುಸಿತದ ಪುಸ್ತಕ. ಗುಂಡಿಯ ತಳದಿಂದ ಒಂದು ಹಿಡಿ ಹಿಮ ಒಳಗೆ ತಂದೆ. ಭೂತಗನ್ನಡಿ ಎಲ್ಲಿಟ್ಟೆ ಎಂದು ಹುಡುಕುವಷ್ಟರಲ್ಲಿ ಹೆಂಡತಿ ಅದನ್ನು ಎರಡು ಬೆರಳಲ್ಲಿ ಉಜ್ಜಿ, "ದಪ್ಪ ರವೆ ಥರ ಇದೆ. ಉಂಡೆ ಕಟ್ಟಲ್ಲ ರೀ" ಅಂದಳು. ಪುಸ್ತಕಕ್ಕೆ ಅದನ್ನು ಹೇಳಲು ಒಂದು ಅಧ್ಯಾಯವೇ ಬೇಕಾಗಿತ್ತು. ನನಗೆ ಉಳಿದದ್ದು ನೆಲ ಒರೆಸುವ ಕೆಲಸ.

೩. ಕಾರಿನ ನೆತ್ತಿ

ಮಗಳು ಬಂದ ಶನಿವಾರ ಮೂವರೂ ನಮ್ಮವರ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಹೊರಟೆವು. ಕಾರಿನ ನೆತ್ತಿಯ ಮೇಲೆ ಗೇಣುದ್ದ ಹಿಮ. ಗುಡಿಸಿಯೇ ರಸ್ತೆಗಿಳಿಯಬೇಕೆಂದು ಇಲ್ಲಿ ಕಾನೂನೇ ಇದೆ. ಕಾರಿನ ಹೀಟರ್ ಹಾಕುತ್ತಾ ಹೆಂಡತಿಯೂ "ಬಿದ್ದೇ ಬೀಳುತ್ತೆ, ಗುಡಿಸಿ" ಅಂದಳು. ಆದರೆ ನನಗೆ ಇದೇ ಪರೀಕ್ಷೆ. ಅವರಿಬ್ಬರೂ ಒಳಗೆ ಬೆಚ್ಚಗೆ ಕೂತಿರಲು, ಮೂವತ್ತು ಏಟು ತಟ್ಟಿದೆ. ಕದಲಲಿಲ್ಲ. ಬೀಳುವುದಿಲ್ಲ, ರಸ್ತೆಯ ಅಂಚಿನವರೆಗೆ ಹೋಗಿ ತೋರಿಸುತ್ತೇನೆ, ಆಮೇಲೆ ಗುಡಿಸುತ್ತೇನೆ ಎಂದೆ.

ಡ್ರೈವ್‌ವೇ ತುದಿಯಲ್ಲಿ ಬ್ರೇಕ್ ಒತ್ತಿದೆ. ಇಡೀ ಹಾಸು ಒಂದೇ ತುಂಡಾಗಿ ಜಾರಿ ಮುಂದಿನ ಗಾಜಿನ ಮೇಲೆ ಕೂತಿತು. ಒಳಗೆಲ್ಲ ಕತ್ತಲೆ.

ಮಗಳು ಇಳಿದು ತುಂಡಿನ ತಳ ಮುಟ್ಟಿದಳು. ಒದ್ದೆ. ನಾನು ಏಟು ಎಣಿಸುವಷ್ಟು ಹೊತ್ತೂ ಹೀಟರ್ ಕೆಳಗಿನಿಂದ ಕರಗಿಸಿತ್ತು.

"ಅಮ್ಮ, ಹೌ ಡಿಡ್ ಯೂ ನೋ?"

"ತಟ್ಟೆಗೆ ಅಂಟಿದ ಬರ್ಫಿ ಏಳಬೇಕಾದರೆ ಕೆಳಗೆ ಸ್ವಲ್ಪ ಬಿಸಿ ತೋರಿಸಲ್ವೇನೇ?"

ಮಗಳು ಮಾತಿಗೆ ತಪ್ಪುವವಳಲ್ಲ. ಮುಂದಿನ ಶನಿವಾರ, ಸರಿಯಾಗಿ ಹೇಳಿದವರನ್ನೇ ಬೆಟ್ಟಕ್ಕೆ ಕರೆದುಕೊಂಡು ಹೋದಳು. ನಾನು ಇಬ್ಬರಿಗೂ ಪುಳಿಯೋಗರೆ ಕಟ್ಟಿಕೊಟ್ಟು, ಕಾರಿನ ಹಿಮ ಗುಡಿಸಿಕೊಟ್ಟೆ. ಎರಡು ಸಲ.