ಬಿಕ್ಕಳಿಸೋ ಆನೆಮರಿಯಿಂದ ನನಗೆ ಬಂದ ಗ್ರಹಚಾರ

ಅಯ್ಯಯ್ಯೋ, ಕೂತ್ಕೊಳ್ಳಿ ಕೂತ್ಕೊಳ್ಳಿ, ಇವತ್ತು ಬೆಳಿಗ್ಗೆ ನನಗೆ ಆಗಿದ್ದನ್ನ ಹೇಳಿದ್ರೆ ನೀವು ನಂಬೋದೇ ಇಲ್ಲ! ನನಗೇ ಇನ್ನೂ ನಂಬೋಕಾಗ್ತಿಲ್ಲ. ಏಳು ವರ್ಷದ ಹುಡುಗಿ, ಎರಡು ಜಡೆ, ಮುಂದಿನ ಹಲ್ಲಿಲ್ಲ, ಅವಳಿಂದ ನಾನು ಮನೆ ಬಿಟ್ಟು ಓಡಿ ಬಂದಿದೀನಿ. ಆ ಮನೇಲಿ ನನಗಿನ್ನೂ ಜಾಗ ಇದೆಯೋ ಇಲ್ವೋ, ಅದೂ ಗೊತ್ತಿಲ್ಲ!

ಬೆಳಗಿನ ವಿಷಯಕ್ಕೆ ಬರ್ತೀನಿ, ಇರಿ. ಹಿಂದಿಂದು ಹೇಳದೇ ಇದು ಅರ್ಥ ಆಗಲ್ಲ. ಯಾಕಂದ್ರೆ ಇದೇನು ಇವತ್ತು ಹೊಸದಾಗಿ ಆಗಿದ್ದಲ್ಲ. ಮಕ್ಕಳಿಗೆ ಸತ್ಯ ಹೇಳೋದನ್ನ ಕಲಿಸೋ ಕಾರ್ಟೂನಿಗೆ ಕೈ ಹಾಕಿದ ದಿನದಿಂದ ನನಗೆ ಬರೀ ಇಂಥವೇ ಗಂಟು ಬೀಳ್ತಿವೆ.

ನಾನು ಓಖ್ಲಾದಲ್ಲಿ ಒಂದು ಪುಟಾಣಿ ಸ್ಟುಡಿಯೋದಲ್ಲಿ ಕಾರ್ಟೂನ್ ಬಿಡಿಸ್ತೀನಿ. ಕೆಳಗಡೆ ಎಕ್ಸ್‌ಪೋರ್ಟಿಗೆ ಶರ್ಟ್ ಹೊಲಿಯೋರು, ಮೇಲ್ಗಡೆ ನಾವು. ನಮ್ಮ ಹೀರೋ ಒಂದು ಆನೆಮರಿ. ಅದು ಸಣ್ಣ ಸುಳ್ಳು ಹೇಳಿದಾಗೆಲ್ಲ ಬಿಕ್ಕಳಿಕೆ ಬರುತ್ತೆ. ನಿಜ ಒಪ್ಕೊಳ್ಳೋವರೆಗೂ ನಿಲ್ಲಲ್ಲ. ಐಡಿಯಾ ನಂದೇ!

ಇರೋದು ಆರ್.ಕೆ.ಪುರಂನಲ್ಲಿ, ಸರ್ಕಾರಿ ಕ್ವಾರ್ಟರ್ಸಲ್ಲಿ. ನಾನೆಲ್ಲಿ ಸರ್ಕಾರಿ ನೌಕರ? ಅಲ್ಲೊಂದು ಕನ್ನಡದ ಸಂಸಾರ ಇದೆ, ಅವರ ಹಿಂದಿನ ರೂಮು ನನಗೆ ಬಾಡಿಗೆಗೆ. ಕ್ವಾರ್ಟರ್ಸಲ್ಲಿ ಬಾಡಿಗೆಗೆ ಇಟ್ಕೊಳ್ಳೋ ಹಾಗಿಲ್ಲ, ಗೊತ್ತಲ್ಲ? ಸಿಕ್ಕಿಬಿದ್ರೆ ನಾನು ಬೀದಿಗೆ, ಅವರ ಕ್ವಾರ್ಟರ್ಸೂ ಕ್ಯಾನ್ಸಲ್. ಅದಕ್ಕೇ ನಾನು ಬ್ಯಾಗ್ ಇಟ್ಟ ದಿನವೇ ಆ ಮನೆಯಾಕೆ ಹೇಳಿಬಿಟ್ರು, "ನೋಡಪ್ಪಾ, ಇವತ್ತಿಂದ ನೀನು ನನ್ನ ತಮ್ಮ. ನನ್ನ ಅಕ್ಕಾ ಅನ್ನು, ಇವರನ್ನ ಭಾವ ಅನ್ನು. ಮನೆ ಒಳಗೂ ಹಂಗೇ ಕರಿ, ಬಾಯಿಗೆ ಅಭ್ಯಾಸ ಆಗ್ಲಿ." ಅವರ ಮಗಳು ಪುಟ್ಟಿ ಆಗ ನಾಲ್ಕು ವರ್ಷದ್ದು. ಸೀದಾ ಬಂದು ನನ್ನ ತೊಡೆ ಮೇಲೆ ಕೂತು "ಮಾಮಾ" ಅಂತು. ಮುಗೀತು, ಅವತ್ತಿಂದ ನಾನು ಮಾಮಾ.

ಲೈಟ್ ಹೋಗಿದೆ ಮೇಡಂ

ಮೊದಲನೇ ಎಪಿಸೋಡಿನ ಕಥೆ ಏನು ಗೊತ್ತಾ? ಆನೆಮರಿ ಹೋಂವರ್ಕ್ ಮಾಡಿರಲ್ಲ, ಮಾಡಿದೀನಿ ಅಂತ ಹೇಳುತ್ತೆ. ಅದನ್ನ ನಾನು ಬಿಡಿಸ್ತಾ ಕೂತಿದೀನಿ, ಇನ್ನೂ ಅರ್ಧ ಆಗಿಲ್ಲ, ಪಕ್ಕದಲ್ಲೇ ನಮ್ಮ ಬಾಸ್ ಫೋನಲ್ಲಿ. ಆ ಕಡೆ ಕಾರ್ಟೂನ್ ಮಾಡಿಸ್ತಿರೋ ಮೇಡಂ.

"ಎಪಿಸೋಡ್ ಯಾವಾಗ್ಲೋ ರೆಡಿ ಮೇಡಂ! ಏನ್ ಮಾಡೋದು, ಬೆಳಿಗ್ಗೆಯಿಂದ ಲೈಟ್ ಹೋಗಿದೆ. ಕಂಪ್ಯೂಟರೇ ಆನ್ ಆಗ್ತಿಲ್ಲ."

ಎ.ಸಿ. ಗಾಳಿಗೆ ಅವರ ಕ್ರಾಪು ಹಾರಾಡ್ತಿದೆ! ನಾನು ಕೇಳೇಬಿಟ್ಟೆ, "ಸರ್, ನಾವು ಮಾಡ್ತಿರೋದೇ ಈ ಸುಳ್ಳಿನ ಮೇಲೆ ಅಲ್ವಾ?" ಬಾಸು ಕೈಯಲ್ಲೇ ಸುಮ್ಮನಿರು ಅಂದ್ರು. ಅಷ್ಟರಲ್ಲಿ ಮೇಡಂ ಏನಂದ್ರೋ, ಬಾಸ್ ಮುಖ ಸುಣ್ಣ ಆಯ್ತು. "ಅಚ್ಛಾ... ಇಲ್ಲೇ ಕೆಳಗಡೆ ಇದೀರಾ? ಬನ್ನಿ ಬನ್ನಿ!"

ಫೋನ್ ಇಟ್ಟಿದ್ದೇ ತಡ, ಓಡಿಹೋಗಿ ಮೇನ್ ಸ್ವಿಚ್ ಎಳೆದ್ರು, ರಪ್ಪಂತ! ಎ.ಸಿ. ಬಂದ್, ಫ್ಯಾನ್ ಬಂದ್, ನನ್ನ ಕಂಪ್ಯೂಟರೂ ಬಂದ್. ಸೇವ್ ಮಾಡಿರಲಿಲ್ಲ ರೀ! ಆನೆಮರಿ, ಹೋಂವರ್ಕು, ಮೇಷ್ಟ್ರು, ಬೆಳಿಗ್ಗೆಯಿಂದ ಬಿಡಿಸಿದ್ದೆಲ್ಲ ಗೋವಿಂದ. ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀನಿ, ಮೇಡಂ ಬೆವರು ಒರೆಸ್ಕೊಳ್ತಾ ಒಳಗೆ ಬಂದು, "ಪಾಪ, ಈ ಶೆಕೇಲೂ ಕೆಲಸ ಮಾಡ್ತಿದೀರಲ್ಲ" ಅಂತ ನಮಗೆಲ್ಲ ಜ್ಯೂಸ್ ತರಿಸಿಕೊಟ್ಟು ಹೋದ್ರು.

ಅವರು ಹೋದ ಮೇಲೆ ಜಗಳಕ್ಕೇ ನಿಂತೆ. ಬಾಸು ಜ್ಯೂಸ್ ಹೀರ್ತಾ ನನಗೇ ಬುದ್ಧಿ ಹೇಳ್ತಾರೆ, "ಅವರು ಬಂದಾಗ ಲೈಟ್ ಇತ್ತಾ? ಇಲ್ಲ ತಾನೇ? ಮತ್ತೆ ನಾನೇನು ಸುಳ್ಳು ಹೇಳಿದೆ?"

ಬಹುತ್ ಅಚ್ಛಾ ಲಗಾ

ಅಂತೂ ಎಪಿಸೋಡ್ ಮುಗೀತು. ಮಕ್ಕಳಿಗೆ ಇಷ್ಟ ಆಗುತ್ತಾ ನೋಡೋಣ ಅಂತ ಕರೋಲ್ ಬಾಗ್ ಗಲ್ಲಿಯೊಳಗಿನ ಒಂದು ಚಿಕ್ಕ ಸ್ಕೂಲಿಗೆ ತಗೊಂಡು ಹೋದೆ. ಮಕ್ಕಳೆಲ್ಲ ಕೈ ಕಟ್ಕೊಂಡು ಸಾಲಾಗಿ ಕೂತಿದಾರೆ. ನಾನು ಬಿಡಿಸಿದ ಆನೆಮರಿ ಮೊದಲನೇ ಸಲ ಪರದೆ ಮೇಲೆ!

ಪ್ರೊಜೆಕ್ಟರ್ ಆನ್ ಆಯ್ತು, ಪರದೆ ನೀಲಿ ಆಯ್ತು. ಅಷ್ಟೇ. ಆನೆಮರಿ ಬರಲೇ ಇಲ್ಲ. ವೈರ್ ಕಿತ್ತೆ, ಹಾಕಿದೆ, ಊದಿದೆ, ಬಡಿದೆ. ಊಹೂಂ, ನೀಲಿಯೇ ನೀಲಿ. ಬೆಲ್ ಹೊಡೆಯೋ ಟೈಮಾಯ್ತು. ಅಲ್ಲಿನ ಟೀಚರ್ ಎದ್ದು ನಿಂತು, ಕಾರ್ಟೂನ್ ಹೇಗಿತ್ತು ಅಂತ ಮಕ್ಕಳನ್ನ ಕೇಳಿದ್ರು, "ಬಚ್ಚೋ, ಕಾರ್ಟೂನ್ ಕೈಸಾ ಲಗಾ?"

"ಬಹುತ್ ಅಚ್ಛಾ ಲಗಾ ಮ್ಯಾಮ್!" ತುಂಬಾ ಚೆನ್ನಾಗಿತ್ತಂತೆ! ಇಡೀ ಕ್ಲಾಸು, ಒಂದೇ ರಾಗ.

"ಇದರಿಂದ ಏನು ಕಲಿತ್ರಿ?"

"ನಾವು ಯಾವತ್ತೂ ಸುಳ್ಳು ಹೇಳಬಾರದು ಮ್ಯಾಮ್!"

ಟೀಚರ್ ಚಪ್ಪಾಳೆ ತಟ್ಟಿಸಿದ್ರು, ಫೋಟೋ ತೆಗೆಸಿದ್ರು. "ಮ್ಯಾಮ್, ಅವರು ನೋಡೇ ಇಲ್ಲವಲ್ಲ!" ಅಂತ ನಾನು ಕೂಗಾಡ್ತಿದೀನಿ. "ನಿನ್ನೆಯಿಂದ ಪ್ರಾಕ್ಟೀಸ್ ಮಾಡಿಸಿದೀವಿ ಭಯ್ಯಾ, ಹಾಳು ಮಾಡಬೇಡಿ" ಅಂತ ನನ್ನ ಮೇಲೇ ರೇಗಿದ್ರು! ಮುಂದಿನ ಸಾಲಲ್ಲಿ ಒಬ್ಬ ಹುಡುಗ ಮಾತ್ರ ಪರದೆಯನ್ನೇ ನೋಡ್ತಾ ಗಂಭೀರವಾಗಿ ಕೂತಿದ್ದ. ಇವನೊಬ್ಬನಾದ್ರೂ ನಿಜ ಹೇಳ್ತಾನೆ ಅಂತ ಹತ್ರ ಹೋಗಿ ಕೇಳಿದೆ, "ಬೇಟಾ, ನೀನು ಏನು ನೋಡಿದೆ, ಹೇಳು?"

"ನೀಲಿ," ಅಂದ. ಸ್ವಲ್ಪ ಯೋಚನೆ ಮಾಡಿ, "ಸೆಕೆಂಡ್ ಪಾರ್ಟ್ ಯಾವಾಗ ಬರುತ್ತೆ?" ಅಂದ.

ಅಜ್ಜೀ, ಬಿಕ್ಕಳಿಕೆ!

ಕೊನೆಗೆ ನನ್ನ ಕಾರ್ಟೂನನ್ನ ಮನಸಿಟ್ಟು ನೋಡಿದ್ದು ಒಬ್ಬಳೇ, ಪುಟ್ಟಿ. ನನ್ನ ಫೋನಲ್ಲಿ ಎಷ್ಟು ಸಲ ನೋಡಿದ್ಲೋ ದೇವರಿಗೇ ಗೊತ್ತು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಆಮೇಲೆ ಶುರುವಾಯ್ತು ನೋಡಿ!

ಅಕ್ಕ ದಾವಣಗೆರೆಯ ಅವರಮ್ಮನ ಹತ್ರ ಸ್ಪೀಕರ್ ಹಾಕ್ಕೊಂಡು ಮಾತಾಡ್ತಿದಾರೆ. "ಹ್ಞೂಂ ಕಣಮ್ಮಾ, ಊಟ ಆಯ್ತು. ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ. ಇಲ್ಲಿ ಮಗೂಗೆ ಹೊರಗಿಂದು ಏನೂ ಕೊಡಲ್ಲ ನಾನು."

ಪುಟ್ಟಿ ಎಲ್ಲಿದ್ಲೋ, ಹಾರಿ ಬಂದು ಫೋನಿಗೆ ಬಾಯಿ ಹಚ್ಚಿ, "ಹಿಕ್! ಹಿಕ್! ಅಜ್ಜೀ, ಮಮ್ಮಿಗೆ ಬಿಕ್ಕಳಿಕೆ! ನಾವು ಮೋಮೋಸ್ ಖಾಯಾ! ನಿನ್ನೇನೂ ಖಾಯಾ!"

ಆ ಕಡೆ ಅಜ್ಜಿ, "ಮೋಮೋಸ್ ಅಂದ್ರೆ ಏನೇ ಅದು?"

ಅಕ್ಕ ತಡವರಿಸ್ತಾ, "ಅದು... ಒಂಥರಾ ಕಡುಬು ಕಣಮ್ಮಾ."

"ಹಿಕ್!"

ಫೋನ್ ಇಟ್ಟು ಅಕ್ಕ ನನ್ನ ಕಡೆ ತಿರುಗಿದ್ರು. ಮಗಳ ಕಡೆ ಅಲ್ಲ, ನನ್ನ ಕಡೆ! "ಎಲ್ಲಾ ನಿನ್ನಿಂದ! ದೊಡ್ಡವರ ಮನಸ್ಸಿಗೆ ಬೇಜಾರಾಗದ ಹಾಗೆ ಮಾತಾಡೋದು ಸುಳ್ಳೇನೋ? ಆ ದರಿದ್ರ ಆನೆಗೆ ನೀರು ಕುಡಿಸಿ ಮಲಗಿಸೋ!"

ನಾನು ಬಿಡ್ತೀನಾ? "ಅಕ್ಕಾ, ಮಗು ಸತ್ಯ ಹೇಳಿದ್ದಕ್ಕೆ ಬೈತೀರಾ? ನಾಳೆ ದೊಡ್ಡ ಸುಳ್ಳು ಹೇಳಿದ್ರೆ?" ಅಂತ ಭಾಷಣ ಬಿಗಿದೆ. ಪೇಪರ್ ಓದ್ತಿದ್ದ ಭಾವ ತಲೆ ಎತ್ತದೇ ಹೇಳಿದ್ರು, "ಭಾಷಣ ಆದ ಮೇಲೆ ಆ ಕೊನೇ ಮೋಮೋಸ್ ಈ ಕಡೆ ತಳ್ಳು. ಡಾಕ್ಟರ್ ಕೇಳಿದ್ರೆ ನಾನು ಮುಟ್ಟಿಲ್ಲ."

ಇವರು ಯಾರು ಬೇಟಾ?

ಈಗ ಇವತ್ತು ಬೆಳಿಗ್ಗೆ. ಹಲ್ಲುಜ್ಜುತ್ತಾ ಇದೀನಿ, ಎದುರು ಮನೆಯವರು ಓಡಿ ಬಂದ್ರು, "ಚೆಕಿಂಗ್! ಚೆಕಿಂಗ್ ಬಂದಿದೆ!" ಕ್ವಾರ್ಟರ್ಸಲ್ಲಿ ಯಾರ್ಯಾರು ಇದಾರೆ ಅಂತ ನೋಡೋಕೆ ಇಬ್ಬರು ಆಫೀಸರುಗಳು ಬಂದು ಕೆಳಗಿನ ಮನೆ ಬಾಗಿಲು ತಟ್ತಿದಾರೆ.

ಅಕ್ಕ ಪಟಪಟ ಅಂತ, "ನೀನು ನನ್ನ ತಮ್ಮ, ದಾವಣಗೆರೆಯಿಂದ ಬಂದಿದೀಯ, ಮರೀಬೇಡ" ಅಂದ್ರು. ಅಲ್ಲಿಗೆ ಸರಿ. ಆಮೇಲೆ ಮೂರೂ ಜನಕ್ಕೂ ಒಟ್ಟಿಗೇ ನೆನಪಾಯ್ತು, ಪುಟ್ಟಿ!

"ಅವಳ ಬಾಯಿ ಮುಚ್ಚಿಸೋದು ಹೇಗ್ರೀ?" ಅಂತ ಅಕ್ಕ. "ಬಾತ್‌ರೂಮಲ್ಲಿ ಕೂರಿಸು" ಅಂತ ಭಾವ. ಅಕ್ಕ ನನ್ನ ಕಡೆ ತಿರುಗಿ ಹಲ್ಲು ಕಡಿದ್ರು, "ಅವಳನ್ನ ಸತ್ಯವಂತೆ ಮಾಡಿದೀಯಲ್ಲಪ್ಪ, ಈಗ ಅನುಭವಿಸು!"

ಬೆಲ್ ಆಯ್ತು. ಬಂದ್ರು. ಪುಟ್ಟಿ ಸೋಫಾ ನಡುವೆ ಹಾಲು ಕುಡೀತಾ ಮಹಾರಾಣಿ ಥರ ಕೂತಿದಾಳೆ. ದೊಡ್ಡ ಆಫೀಸರ್ ಮೊದಲು ನನ್ನನ್ನ ನೋಡಿದ್ರು, ಆಮೇಲೆ ಭಾವನ್ನ ನೋಡಿದ್ರು, ನಮ್ಮನ್ನ ಏನೂ ಕೇಳಲಿಲ್ಲ! ಅನುಭವಸ್ಥ ಆಸಾಮಿ, ಸೀದಾ ಪುಟ್ಟಿ ಮುಂದೆ ಕೂತು ನನ್ನ ಕಡೆ ಬೆರಳು ತೋರಿಸಿದ್ರು.

"ಬೇಟಾ, ಯೇ ಕೌನ್ ಹೈ?"

"ಮಾಮಾ."

"ಸಗೇ ಮಾಮಾ?" ಅಂದ್ರೆ, ಸ್ವಂತ ಮಾಮನಾ?

ಅಕ್ಕ ಕಣ್ಣು ಮುಚ್ಕೊಂಡಿದಾರೆ. ಪುಟ್ಟಿ ಹಾಲಿನ ಮೀಸೆ ಒರೆಸ್ಕೊಂಡು, ಇದೆಂಥ ಪ್ರಶ್ನೆ ಅನ್ನೋ ಹಾಗೆ, "ಹಾಂ! ಮಮ್ಮಿ ಕೇ ಭಾಯಿ ಹೈಂ. ಮೈಂ ಝೂಟ್ ನಹೀಂ ಬೋಲ್ತೀ" ಅಂದ್ಲು. ಮಮ್ಮಿಯ ತಮ್ಮ, ನಾನು ಸುಳ್ಳು ಹೇಳಲ್ಲ ಅಂತ!

ಆಫೀಸರು ಅವಳ ಕೆನ್ನೆ ತಟ್ಟಿದ್ರು. "ಮಕ್ಕಳು ಸುಳ್ಳು ಹೇಳಲ್ಲ. ಮುಂದಿನ ವಾರ ಇನ್ನೊಂದು ಸಲ ಬರ್ತೀವಿ, ಅಷ್ಟೇ" ಅಂತ ಎದ್ದು ಹೊರಟೇ ಹೋದ್ರು!

ಬಾಗಿಲು ಹಾಕಿದ್ದೇ ತಡ ಭಾವ ಕುರ್ಚಿ ಮೇಲೆ ಕುಸಿದು ನಗೋಕೆ ಶುರು ಮಾಡಿದ್ರು. ಅಕ್ಕ ಪುಟ್ಟಿಯನ್ನ ಅಪ್ಕೊಂಡು, "ನನ್ನ ಬಂಗಾರ! ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ಯೇ!" ಅಂದುಬಿಟ್ರು.

ಪುಟ್ಟಿ ಮೆಲ್ಲಗೆ ಬಿಡಿಸ್ಕೊಂಡ್ಲು. ಒಮ್ಮೆ ಅಮ್ಮನ ಮುಖ ನೋಡಿದ್ಲು, ಅಪ್ಪನ ಮುಖ ನೋಡಿದ್ಲು, ಆಮೇಲೆ ನನ್ನ ಮುಂದೆ ಬಂದು ನಿಂತ್ಲು.

"ಸುಳ್ಳಾ? ಮಾಮಾ... ನೀನು ನನ್ನ ಸಗೇ ಮಾಮಾ ಅಲ್ವಾ?"

ಅಯ್ಯೋ ರಾಮ! ಅದು ಸುಳ್ಳು ಹೇಳೇ ಇರಲಿಲ್ಲ! ಮೂರು ವರ್ಷದಿಂದ ನಿಜ ಅಂತಾನೇ ನಂಬಿತ್ತು! ಹೌದು ಅಂದ್ರೆ, ಆನೆಮರಿ ಬಿಡಿಸಿದ ಈ ಕೈಯಿಂದಲೇ ಆ ಮಗೂಗೆ ಮೋಸ. ಅಲ್ಲ ಅಂದ್ರೆ, ಮುಂದಿನ ವಾರ ಆಫೀಸರುಗಳಿಗೆ ಅವಳೇ ಹೇಳ್ತಾಳೆ, ಎಲ್ಲರೂ ಬೀದೀಲಿ. ಅದಕ್ಕಿಂತ ಹೆಚ್ಚಾಗಿ, ಅವಳ ತುಟಿ ಆಗಲೇ ಅದುರ್ತಾ ಇತ್ತು ರೀ. ನಾನೇನು ಮಾಡಿದೆ ಗೊತ್ತಾ? ಜೇಬಿಂದ ಫೋನ್ ತೆಗೆದು ಕಿವಿಗಿಟ್ಟು, "ಹಲೋ ಸರ್, ಬಂದೆ ಸರ್!" ಅಂತ ಮೆಟ್ಟಿಲು ಇಳಿದು ಓಡಿದೆ!

ಗೇಟಿನ ಹತ್ರ ಆ ಇಬ್ಬರು ಆಫೀಸರುಗಳು ಟೀ ಕುಡೀತಾ ನಿಂತಿದಾರೆ. ಮೇಲಿಂದ, ಬಾಲ್ಕನಿಯಿಂದ, ಇಡೀ ಬ್ಲಾಕಿಗೇ ಕೇಳೋ ಹಾಗೆ ಪುಟ್ಟಿ ಅಳ್ತಾ ಕಿರುಚಿದ್ಲು, "ಮಾಮಾ ಝೂಟ್ ಬೋಲ್ ರಹೇ ಹೈಂ! ಮಾಮಾ ಝೂಟ್ ಬೋಲ್ ರಹೇ ಹೈಂ!"

ಅವಳು ಹೇಳಿದ್ದು ಆ ಫೋನಿನ ಸುಳ್ಳೋ, ಮಾಮನ ಸುಳ್ಳೋ, ನನಗೇನು ಗೊತ್ತು? ದೊಡ್ಡ ಆಫೀಸರ್ ಟೀ ಲೋಟ ಕೆಳಗಿಟ್ರು. ಮೇಲೆ ನೋಡಿದ್ರು, ನನ್ನನ್ನ ನೋಡಿದ್ರು, ಯಾವ ಸುಳ್ಳು ಅಂತ ಬಹಳ ಪ್ರೀತಿಯಿಂದ ಕೇಳಿದ್ರು, "ಕೌನ್ ಸಾ ಝೂಟ್, ಮಾಮಾಜೀ?"

ಮೇಲೆ ಅಳ್ತಿರೋ ಮಗು, ಅವಳ ಪಕ್ಕದಲ್ಲಿ ಕೈ ಮುಗೀತಿರೋ ಅಕ್ಕ, ಎದುರಿಗೆ ಆಫೀಸರು, ಕಿವೀಲಿ ಯಾರೂ ಇಲ್ಲದ ಫೋನು. ನಾನಂತೂ ಬಂದ ಬಸ್ ಹತ್ತಿಬಿಟ್ಟೆ, ಅದು ಎಲ್ಲಿಗೆ ಹೋಗುತ್ತೆ ಅಂತಾನೂ ಕೇಳಲಿಲ್ಲ. ನಗಬೇಡಿ, ನಗಬೇಡಿ! ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ, ಅದನ್ನ ಹೇಳಿ ಮೊದಲು!